ಚೊಗರು ಕುಡಿದ ಕಾರು

ಆಗಿನ ಕಾರುಗಳಿಗೆ ಬಾಯಾರಿಕೆ ಆಗುತ್ತಿತ್ತು. ರಸ್ತೆ ಪಕ್ಕ ಬಾನೆಟ್ ಎತ್ತಿಕೊಂಡು, ಬುಸ್ ಎಂದು ಹಬೆ ಬಿಡುತ್ತಾ ನಿಂತ ಕಾರನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೀರಿ. ಅದನ್ನು ನೆನೆಸಿಕೊಂಡು, ‘ಎಂಥಾ ಕಾಲ ಅದು, ಯಾರಿಗೂ ಅವಸರವೇ ಇರಲಿಲ್ಲ’ ಎಂದು ಬಾಯಿ ಚಪ್ಪರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೌದು, ಕಾರಿನ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದವರಿಗೆ ಅವಸರ ಇರಲಿಲ್ಲ. ಕೊಡ ಹಿಡಿದುಕೊಂಡು ಬಾವಿ ಹುಡುಕುತ್ತಾ ಬರಿಗಾಲಲ್ಲಿ ಓಡುತ್ತಿದ್ದವಳು ನಾನು. ಆ ಕಾಲ ಹೇಗಿತ್ತು ಎಂದು ನನ್ನನ್ನು ಕೇಳಿ.

ನಮ್ಮೂರು ಬಸವಾಪಟ್ಟಣ. ಅಪ್ಪ ಡ್ರೈವರ್ ರುದ್ರಪ್ಪ. ಒಂದು ಹಳೇ ಕರಿ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಚನ್ನಗಿರಿಗೆ, ಹೊನ್ನಾಳಿಗೆ, ನ್ಯಾಮತಿಗೆ, ಹೆರಿಗೆಗೆ, ಮದುವೆಗೆ, ಯಾರು ಎಲ್ಲಿಗೆ ಕರೆದರೂ ಹೋಗುತ್ತಿದ್ದ. ‘ರುದ್ರಪ್ಪನ ಕಾರು ನಿಂತ ಮಾತಿಲ್ಲ’ ಎಂದು ಊರವರು ಹೇಳುತ್ತಿದ್ದರು. ಆ ಒಂದು ಮಾತನ್ನು ಅಪ್ಪ ಹಣೆಯ ವಿಭೂತಿಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದ. ಅವ್ವ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಅವಳ ಬೆರಳುಗಳು ವರ್ಷವಿಡೀ ಕಪ್ಪಗೇ ಇರುತ್ತಿದ್ದವು. ನಾನು ಮೂರನೇ ಕ್ಲಾಸು. ಹೆಸರು ಚೌಡಮ್ಮ. ಕರೆಯುವುದು ಚೌಡಿ.

ಆ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಕಾರು ಕುದಿಯಲು ಶುರುಮಾಡಿತು. ಗಾಡಿಯ ಮೂತಿಯ ಹಿಂದೆ ಜಾಲರಿಯಂತೆ ಕೂತಿರುತ್ತದಲ್ಲ ರೇಡಿಯೇಟರ್, ಅದರೊಳಗಿನ ನೀರು ಸಣ್ಣ ಸಣ್ಣ ಕೊಳವೆಗಳಲ್ಲಿ ಹರಿದು ತಣ್ಣಗಾಗಿ ಇಂಜಿನ್ನಿಗೆ ಹೋಗಬೇಕು. ನಮ್ಮದು ಅಲ್ಲಲ್ಲಿ ತೂತು ಬಿದ್ದು ಸೋರುತ್ತಿತ್ತು. ನೀರು ತುಂಬಿಸಲು ಇದ್ದ ಕ್ಲೀನರ್ ಒಂದು ದಿನ ಹಬೆಗೆ ಕೈ ಸುಟ್ಟುಕೊಂಡು, ಕೊಡವನ್ನು ರಸ್ತೆಯಲ್ಲೇ ಎಸೆದು ತನ್ನ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನಿಗೆ ಬುದ್ಧಿ ಇತ್ತು.

ಅಪ್ಪ ಕಾರನ್ನು ಚನ್ನಗಿರಿಯ ಗ್ಯಾರೇಜಿಗೆ ತಂದ. ನಾನೂ ಜೊತೆಗಿದ್ದೆ. ಗ್ಯಾರೇಜಿನ ಬುಡೇನ್ ಸಾಬರು ಜಾಲರಿಗೆ ಕೈ ಹಾಕಿ ಅಲುಗಿಸಿದರು. ತುಕ್ಕು ಉದುರಿತು.

“ರುದ್ರಣ್ಣ, ಇದರ ಕಥೆ ಮುಗೀತ್ರೀ. ತಾಮ್ರದ್ದು ಹೊಸಾದು ಹಾಕ್ಸಿಬಿಡ್ರಿ, ದಾವಣಗೆರೆಯಿಂದ ತರಿಸ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತೈತೆ.”

“ಗಾಡಿ ಎಷ್ಟು ದಿನ ನಿಲ್ಲಬೇಕು?”

“ತರಿಸಬೇಕು, ಕೂರಿಸಬೇಕು. ವಾರದ ಮೇಲಾಗ್ತೈತೆ.”

“ಮದುವೆ ಕಾಲದಾಗೆ ವಾರ ನಿಲ್ಲಿಸಿದ್ರೆ ಆ ಕೆರೆಬಿಳಚಿ ಡ್ರೈವರ್ ನನ್ನ ಗಿರಾಕಿ ಎಲ್ಲಾ ಹೊತ್ಕೊಂಡು ಹೋಗ್ತಾನೆ.”

“ಹಂಗಾರೆ ಲಾರಿದೊಂದು ಹಳೇದು ಐತೆ. ಮೂತಿ ಕೊಯ್ದು ಕೂರಿಸಬೇಕು.”

“ನನ್ನ ಗಾಡಿ ಮೂತಿ ಕೊಯ್ತೀಯಾ? ಸುಮ್ನಿರು ಮಾರಾಯ.”

“ಬೆಸುಗೆ ಹಾಕ್ಲಾ? ಇಲ್ಲಿ ಮುಚ್ಚಿದ್ರೆ ಅಲ್ಲಿ ಬಾಯಿ ಬಿಡ್ತೈತೆ ಅಷ್ಟೆ.” ಬುಡೇನ್ ಸಾಬರು ಕೈ ಒರೆಸಿಕೊಂಡರು. “ಏನೂ ಬ್ಯಾಡ ಅಂದ್ರೆ ನೀರು ಹುಯ್ಯೋರನ್ನ ಕೂರಿಸ್ಕೊಳ್ರಿ. ಆದ್ರೆ ದೊಡ್ಡಾಳು ಕೂತ್ರೆ ಒಂದು ಸೀಟು ಹೋತು.”

ಅಪ್ಪ ತಿರುಗಿ ನನ್ನ ಕಡೆ ನೋಡಿದ. ಸಂತೆಯಲ್ಲಿ ಕರುವಿನ ಹಲ್ಲು ನೋಡುತ್ತಾರಲ್ಲ, ಹಾಗೆ.

“ಇವಳು ಸೀಟು ತಿನ್ನಂಗಿಲ್ಲ” ಎಂದು ನಕ್ಕ.

ತಾಮ್ರದ್ದು, ಲಾರಿಯದ್ದು, ಬೆಸುಗೆ, ಮೂರನ್ನೂ ಬಿಟ್ಟು ನಮ್ಮಪ್ಪ ಆರಿಸಿಕೊಂಡ ರೇಡಿಯೇಟರ್ ನಾನು.

ಮರುದಿನದಿಂದ ಡ್ರೈವರ್ ಸೀಟಿನ ಪಕ್ಕ, ಗೇರಿನ ಕೋಲಿನ ಬುಡದಲ್ಲಿ, ಎರಡು ಕಾಲಿನ ನಡುವೆ ಹಿತ್ತಾಳೆ ಕೊಡ ಇಟ್ಟುಕೊಂಡು ಕೂತೆ. ಕೆಳಗಿನ ತಗಡು ಕಾದು ಕುಂಡೆ ಸುಡುತ್ತಿತ್ತು. ಪೆಟ್ರೋಲು, ಸುಟ್ಟ ರಬ್ಬರು, ಹಿಂದೆ ಕೂತವರ ಮಲ್ಲಿಗೆ, ಅವರ ವಾಂತಿ, ಎಲ್ಲವೂ ಒಟ್ಟಿಗೇ ಮೂಗಿಗೆ ಬರುತ್ತಿತ್ತು. ಮೂತಿಯಿಂದ ಹಬೆ ಕಂಡ ಕೂಡಲೇ ಅಪ್ಪ ನಿಲ್ಲಿಸುತ್ತಿದ್ದ. ನಾನು ಇಳಿದು ಓಡಬೇಕು. ಕೆರೆ, ಬಾವಿ, ಕಾಲುವೆ, ಯಾವುದು ಸಿಕ್ಕರೆ ಅದು. ತಂದ ಮೇಲೆ ಇಂಜಿನ್ ಆರುವವರೆಗೆ ಕಾಯಬೇಕು. ಆಮೇಲೆ ಗೋಣಿತಾಟು ಕೈಗೆ ಸುತ್ತಿಕೊಂಡು ಮುಚ್ಚಳವನ್ನು ಅರ್ಧ ತಿರುಗಿಸಿ ಪಕ್ಕಕ್ಕೆ ಹಾರಬೇಕು. ಗಾಡಿ ಉಸಿರು ಬಿಟ್ಟು ಮುಗಿಸಿದ ಮೇಲೆ ಪೂರ್ತಿ ತೆಗೆದು ಸ್ವಲ್ಪ ಸ್ವಲ್ಪವೇ ಹುಯ್ಯಬೇಕು. ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಎಡಗೈ ಮೇಲಿನ ಕಲೆ ಹೇಳಿಕೊಟ್ಟಿತು. ಈಗಲೂ ಬಳೆ ಸರಿಸಿದರೆ ಕಾಣುತ್ತದೆ.

ಇಸ್ಕೂಲಿನ ಮುಂದೆಯೇ ದಾರಿ. ನಾನು ಕಾರಲ್ಲಿ ಹೋಗುವಾಗ ಹುಡುಗರು ಬಯಲಲ್ಲಿ ಚಿನ್ನಿದಾಂಡು ಬಿಟ್ಟು ರಸ್ತೆಗೆ ಓಡಿಬರುತ್ತಿದ್ದರು.

“ಏ ರೇಡಿಯೇಟರ್ ಚೌಡಿ! ಬಿಸಿನೀರು ಐತೇನೇ? ಸ್ನಾನ ಮಾಡಾಕೆ ಬೇಕಿತ್ತು!”

ಕುಂಟೆಬಿಲ್ಲೆಯಲ್ಲಿ ನನ್ನನ್ನು ಸೋಲಿಸಲಾಗದೆ ಅಳುತ್ತಿದ್ದ ಹುಡುಗಿಯರೂ ನಗುತ್ತಿದ್ದರು. ಕಾರಲ್ಲಿ ತಿರುಗುತ್ತೇನೆಂದು ಕೆಲವರಿಗೆ ಹೊಟ್ಟೆಕಿಚ್ಚು ಬೇರೆ. ಬಾಡಿಗೆ ಮುಗಿದ ಮೇಲೆ ಅಪ್ಪ ಹೊನ್ನಾಳಿ ಬಸ್ ನಿಲ್ದಾಣದ ಪಕ್ಕ ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತಿದ್ದ. ಕಾಗದದ ಪೊಟ್ಟಣ, ಎಣ್ಣೆ ಸೋರುವ ಬಜ್ಜಿ, ಮೇಲೊಂದಿಷ್ಟು ಹಸಿ ಈರುಳ್ಳಿ. ತಿಂದೆ. ರುಚಿಯಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮಂಡಕ್ಕಿ ಕೊಡಿಸಿದ್ದಕ್ಕೆ ಅಪ್ಪ ಒಳ್ಳೆಯವನಾಗಿಬಿಡುತ್ತಾನೆಯೇ?

ಅವ್ವ ಜಗಳ ಮಾಡಿದಳು. ಮೇಷ್ಟ್ರು ಮನೆ ಬಾಗಿಲಿಗೆ ಬಂದು ಹೇಳಿಹೋಗಿದ್ದರು. ಯುಗಾದಿಗೆ ಮೊದಲು ಮೂರನೇ ಕ್ಲಾಸಿನ ಪರೀಕ್ಷೆ, ಚನ್ನಗಿರಿಯಿಂದ ಸಾಹೇಬರು ಬರುತ್ತಾರೆ, ಆ ದಿನ ಕೂತರೆ ನಾಲ್ಕನೇದು, ಕೂರದಿದ್ದರೆ ಅಲ್ಲೇ.

“ನಿನ್ನ ಗಾಡಿ ಹೊಟ್ಟೆಗೆ ನನ್ನ ಮಗಳ ಇಸ್ಕೂಲು ಹಾಕ್ತೀಯಾ?” ಎಂದು ಅವ್ವ ಒಲೆ ಮುಂದಿನಿಂದಲೇ ಕೂಗಿದಳು.

“ಪರೀಕ್ಷೆ ದಿನ ಅವಳನ್ನ ಕರಿಯಂಗಿಲ್ಲ ಕಣೇ. ಮಾತು ಕೊಟ್ಟೀನಿ.”

“ಅವತ್ತು ನೀರು ಯಾರು ಹುಯ್ತಾರೆ? ನಿಮ್ಮಪ್ಪ ಎದ್ದು ಬರ್ತಾನಾ?”

“ಅಷ್ಟರೊಳಗೆ ಸೋರೋದೇ ನಿಲ್ಲಿಸ್ತೀನಿ.”

ಹೇಗೆ ನಿಲ್ಲಿಸಿದ ನೋಡಿ. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಕೆಂಪು ರಸ ಉಳಿಯುತ್ತದೆ, ಅದಕ್ಕೆ ಚೊಗರು ಅನ್ನುತ್ತೇವೆ. ಅಡಿಕೆಗೆ ಬಣ್ಣ ಕಟ್ಟಲು ಅದನ್ನು ಮುಂದಿನ ಸುಗ್ಗಿಗೂ ಎತ್ತಿಡುತ್ತಾರೆ. ಇಟ್ಟಷ್ಟೂ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ಬಟ್ಟೆಗೆ ಬಿದ್ದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ. ಚೊಗರು ಕುದಿಸಿದ ಹಂಡೆ ಸೋರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಹಂಡೆಗೆ ಆಗುವುದು ಕಾರಿಗೆ ಯಾಕಾಗಬಾರದು ಎಂದು ಅಪ್ಪನ ತಲೆಗೆ ಬಂತು. ಬುಡೇನ್ ಸಾಬರನ್ನು ಒಂದು ಮಾತು ಕೇಳಬೇಡವೇ? ಕೇಳಲಿಲ್ಲ. ಕೇಳಿದರೆ ಅವರು ಮತ್ತೆ ತಾಮ್ರದ ಮಾತೆತ್ತುತ್ತಾರೆ.

ಅವ್ವನಿಂದಲೇ ಒಂದು ಮಡಕೆ ಹಳೇ ಚೊಗರು ತರಿಸಿದ. ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ, ಬಿಸಿನೀರಲ್ಲಿ ಕದಡಿ, ಲಾಳಿಕೆ ಇಟ್ಟು ಹುಯ್ದ. ಒಗರು ವಾಸನೆ ಇಡೀ ಓಣಿಗೆ ಹಬ್ಬಿತು. ಲಾಳಿಕೆ ಹಿಡಿದುಕೊಂಡವಳು ನಾನೇ. ಅವತ್ತು ನನ್ನಷ್ಟು ಖುಷಿಯಾದವರು ಊರಲ್ಲಿ ಯಾರೂ ಇರಲಿಲ್ಲ. ಸೋರುವುದು ನಿಂತರೆ ನಾನು ಬಿಡುಗಡೆ!

ನಿಂತೇ ಹೋಯಿತು. ಮರುದಿನ ನ್ಯಾಮತಿಗೆ ಹೋಗಿ ಬಂದೆವು. ಒಂದು ಹನಿ ಕೆಳಗೆ ಬೀಳಲಿಲ್ಲ. ಅಪ್ಪ ಸ್ಟೇರಿಂಗ್ ತಟ್ಟಿ, “ಆ ಸಾಬನ ತಾಮ್ರ ಅವನ ಅಂಗಡ್ಯಾಗೇ ಇರಲಿ” ಅಂದ. ನಾನು ಮನೆಗೆ ಬಂದವಳೇ ಸ್ಲೇಟಿಗೆ ಇದ್ದಿಲು, ತೊಂಡೆ ಸೊಪ್ಪು ಉಜ್ಜಿ ಕರ್ರಗೆ ಮಾಡಿದೆ. ಬಳಪವನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿದೆ. ಮಗ್ಗಿ ಹೇಳಿ ಹೇಳಿ ಅವ್ವನಿಗೆ ತಲೆನೋವು ತರಿಸಿದೆ.

ಪರೀಕ್ಷೆಯ ಬೆಳಿಗ್ಗೆ. ಅವ್ವ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಹೊರಗೆ ಕಾರು ತೊಳೆದು, ಮೂತಿಗೆ ಚೆಂಡುಹೂವಿನ ಸರ ಕಟ್ಟಿತ್ತು. ಕೆರೆಬಿಳಚಿಯ ಮದುವೆ ಹೆಣ್ಣನ್ನು ಜಗಳೂರಿನಾಚೆ ಸೊಕ್ಕೆಗೆ ಮುಟ್ಟಿಸುವ ಬಾಡಿಗೆ. ಕೆರೆಬಿಳಚಿಯ ಡ್ರೈವರ್ ಊರಲ್ಲೇ ಇದ್ದರೂ ಹೆಣ್ಣಿನ ಮನೆಯವರು ನಮ್ಮ ಕಾರೇ ಬೇಕೆಂದಿದ್ದರಂತೆ. ಅಪ್ಪ ಅದಕ್ಕೆ ಹಿಗ್ಗಿ ಹೋಗಿದ್ದ.

“ಚೌಡೀ, ಕೊಡ ತಗಂಡು ಬಾ.”

ನಾನು ಸ್ಲೇಟು ಎದೆಗೆ ಹಿಡಿದುಕೊಂಡು ನಿಂತೆ. “ಇವತ್ತು ಪರೀಕ್ಷೆ ಅಪ್ಪಾ.”

“ಗೊತ್ತು. ದೂರದ ದಾರಿ. ಏನಾದ್ರೂ ಆದ್ರೆ?”

“ಚೊಗರು ಹಾಕೀವಲ್ಲ. ಸೋರಂಗಿಲ್ಲ ಅಂದ್ಯಲ್ಲ.”

“ಎದುರು ಮಾತಾಡಬ್ಯಾಡ. ಹತ್ತು.”

ಅವ್ವ ಅಡ್ಡ ಬಂದಳು. “ಮಾತು ಕೊಟ್ಟಿದ್ದೆ ನೀನು.” ಅಪ್ಪ ಅವಳನ್ನು ದಾಟಿಕೊಂಡು ಬಂದು, ಸ್ಲೇಟು ಕಿತ್ತು ಅವಳ ಕೈಗೆ ಕೊಟ್ಟು, ನನ್ನ ರಟ್ಟೆ ಹಿಡಿದು ಗೇರಿನ ಪಕ್ಕಕ್ಕೆ ತಳ್ಳಿದ.

ಇದನ್ನೇ ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಚೊಗರನ್ನು ನಂಬಿದವನು ಪೂರ್ತಿ ನಂಬಬೇಕಿತ್ತು. ನಂಬದವನು ತಾಮ್ರದ್ದು ಹಾಕಿಸಬೇಕಿತ್ತು. ಎರಡೂ ಇಲ್ಲ. ಅವನ ಅನುಮಾನಕ್ಕೆ ನಾನು ಬೇಕಿತ್ತು.

ಕೆರೆಬಿಳಚಿಯಲ್ಲಿ ಹೆಣ್ಣು ಹತ್ತಿದಳು. ಜೊತೆಗೆ ಅವಳ ಸೋದರಮಾವ, ಇಬ್ಬರು ಮುತ್ತೈದೆಯರು. ಹೆಣ್ಣು ಅಂದರೆ ನನಗಿಂತ ಸ್ವಲ್ಪ ದೊಡ್ಡವಳು. ಕೈ ತುಂಬ ಹಸಿರು ಬಳೆ, ಮುಖದ ಮೇಲೆ ಅರಿಶಿನ ಇನ್ನೂ ಹಸಿ. ದಾವಣಗೆರೆ ದಾಟಿತು. ಅವಳು ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದಳು.

“ಯಾಕೇ ಅಳ್ತೀಯಾ?”

“ನಂದು ಪರೀಕ್ಷೆ ಇತ್ತು.”

“ಎಷ್ಟನೇದು?”

“ಮೂರು.”

“ನನ್ನ ನಾಕರಲ್ಲಿ ಬಿಡಿಸಿದ್ರು” ಎಂದು ಹಿಂದಕ್ಕೆ ಒರಗಿಕೊಂಡಳು.

ಜಗಳೂರಿನ ದಾರಿಯಲ್ಲಿ ಮರ ಕಡಿಮೆ, ಬಿಸಿಲು ಜಾಸ್ತಿ. ಕಾರು ಎಳೆಯಲಾರದೆ ಏದುಸಿರು ಬಿಡತೊಡಗಿತು. ಹೊರಗೆ ಒಂದು ಹನಿ ಸೋರುತ್ತಿಲ್ಲ, ಒಳಗೆ ಮಾತ್ರ ಕುದಿ. ಸುಟ್ಟ ಅಡಿಕೆಯ ವಾಸನೆ ಬಂತು. ಆಮೇಲೆ ಢಬ್ ಎಂದು ಮುಚ್ಚಳ ಹಾರಿ, ಕೆಂಪು ಹಬೆ ಗಾಜಿನ ಮೇಲೆಲ್ಲ ಚಿಮ್ಮಿತು. ಹೂವಿನ ಸರ ರಕ್ತದಲ್ಲಿ ಅದ್ದಿದ ಹಾಗಾಯಿತು. ಮುತ್ತೈದೆಯರು, “ಅಯ್ಯೋ ಶಿವನೇ, ಅಪಶಕುನ!” ಎಂದು ಕಿರುಚಿದರು.

ಸೋದರಮಾವ ಕೆಳಗಿಳಿದು ಪಂಚೆ ಎತ್ತಿ ಕಟ್ಟಿದ. “ಏನಯ್ಯಾ ರುದ್ರಪ್ಪ, ನಿಲ್ಲೋದೇ ಇಲ್ಲ ಅಂದಿದ್ದೆ? ಮುಹೂರ್ತ ಯಾರು ನಿಲ್ಲಿಸ್ತಾರೆ? ನಿನ್ನ ಕಾರಾ?”

ಅಪ್ಪ ನನ್ನ ಕಡೆ ತಿರುಗಿ, “ನೋಡ್ತಾ ಏನ್ ನಿಂತೀಯಾ? ಓಡೇ” ಅಂದ.

ಮನೆಯಿಂದ ತಂದ ನೀರನ್ನು ಹಿಂದೆ ಕೂತವರು ಆಗಲೇ ಕುಡಿದು ಮುಗಿಸಿದ್ದರು. ದೂರದಲ್ಲಿ ಒಂದು ಹಟ್ಟಿ ಕಂಡಿತು. ಓಡಿದೆ. ಬಾವಿ ಸುತ್ತ ಹೆಂಗಸರು ಸಾಲಾಗಿ ಕೊಡ ಇಟ್ಟುಕೊಂಡಿದ್ದರು. ಹಗ್ಗ ಬಿಟ್ಟರೆ ಬಿಟ್ಟಷ್ಟೂ ಹೋಗುತ್ತಿತ್ತು, ಬಿಂದಿಗೆ ಮೇಲೆ ಬಂದರೆ ಅರ್ಧ ಕೆಸರು.

“ಯಾರ ಮಗಳೇ ನೀನು? ಎಣ್ಣೆ ಹಚ್ಚಿ ಜಡೆ ಹಾಕ್ಕೊಂಡು ಬಂದೀಯಾ?”

“ಕಾರಿಗೆ ನೀರು ಬೇಕಿತ್ತು.”

ಎಲ್ಲರೂ ನಕ್ಕರು. ಒಬ್ಬಳು ಸೊಂಟದ ಮೇಲೆ ಕೈ ಇಟ್ಟಳು. “ನಮ್ಮ ಎಮ್ಮೆ ಬಾಯಿ ಒಣಗಿಸ್ಕೊಂಡು ನಿಂತೈತೆ, ನಿಮ್ಮ ಕಾರಿಗೆ ನೀರು ಕೊಡಬೇಕಾ? ಹಾಲು ಕರೀತೈತೇನೇ ಅದು?”

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸಾಲಿನ ಕೊನೆಯಲ್ಲಿದ್ದ ಮುದುಕಿ ತನ್ನ ಸರದಿ ಬಂದಾಗ ನನ್ನ ಕೊಡ ತುಂಬಿದಳು. ತುಂಬುವ ಮೊದಲು ಬೊಗಸೆ ಹಿಡಿಸಿದಳು.

“ಮೊದ್ಲು ನೀನು ಕುಡಿ. ಅದಕ್ಕೇನು ಗಂಟಲು ಐತಾ?”

ಆ ಬೇಸಿಗೆಯಲ್ಲಿ ಎಷ್ಟು ಕೊಡ ಹೊತ್ತಿದ್ದೇನೋ. ನನಗೆ ಬಾಯಾರಿಕೆ ಆಗುತ್ತದೆ ಎಂದು ಯೋಚಿಸಿದವಳು ಅವಳೊಬ್ಬಳೇ. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಕೊಡ ತಂದಾಗ ಬಾನೆಟ್‌ನಿಂದ ಇನ್ನೂ ಝಳ ಹೊಡೆಯುತ್ತಿತ್ತು. ಸೋದರಮಾವ ಅಪ್ಪನ ಮುಖಕ್ಕೇ ಬೈಯುತ್ತಿದ್ದ. ಅಪ್ಪ ನನ್ನ ಕೈಯಿಂದ ಕೊಡ ಕಸಿದುಕೊಂಡ.

“ಅಪ್ಪಾ, ತಡಿ. ಆರಲಿ. ಇನ್ನೂ ಸುಡಾಕೆ ಹತ್ತೈತೆ.”

“ನನಗೆ ಹೇಳಾಕೆ ಬರ್ತೀಯಾ?” ಎಂದವನೇ ಒಂದೇ ಸಲ ಬಗ್ಗಿಸಿದ.

ಟಣ್ ಎಂದಿತು.

ನಮ್ಮ ಇಸ್ಕೂಲಿನಲ್ಲಿ ಗಂಟೆಗೆಂದು ರೈಲಿನ ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಅದೇ ಸದ್ದು. ಕಾದ ಇಂಜಿನ್ನಿನ ಕಬ್ಬಿಣ ತಣ್ಣೀರು ತಾಗಿ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಹುಯ್ದ ನೀರು ಕೆಳಗಿಂದ ಕೆಂಪಗೆ ಹರಿದು ಧೂಳಿಗೆ ಬಿತ್ತು. ಮಣ್ಣು ಅದನ್ನು ಎಳೆದುಕೊಂಡಿತು.

ಶೇಂಗಾ ಚೀಲ ತುಂಬಿದ ಲಾರಿಯೊಂದು ಜಗಳೂರಿನ ಕಡೆ ಹೊರಟಿತ್ತು. ಮದುವೆ ಹೆಣ್ಣನ್ನು ಚೀಲಗಳ ಮೇಲೆ ಹತ್ತಿಸಿದರು. ಹತ್ತುವ ಮೊದಲು ಅವಳು ಮಡಿಲಿನಿಂದ ಒಂದು ಕೊಬ್ಬರಿ ಬಟ್ಟಲು ತೆಗೆದು ನನ್ನ ಕೈಗಿಟ್ಟಳು. ಮುತ್ತೈದೆ ಒಬ್ಬಳು, “ಮಡಿಲಿಂದ ತೆಗೀಬಾರದು ಕಣೇ” ಅಂದಳು. “ತೆಗೀತೀನಿ” ಅಂದಳು ಹುಡುಗಿ. ಮುಹೂರ್ತ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ರಸ್ತೆಯಲ್ಲಿ ಉಳಿದವರು ನಾನು, ಅಪ್ಪ, ಸತ್ತ ಕಾರು. ಅಪ್ಪ ಕಾರಿನ ನೆರಳಲ್ಲಿ ಕೂತು ಬೀಡಿ ಹಚ್ಚಿದ.

“ಹೊರಡುವಾಗ ಮೂತಿ ಊದಿಸ್ಕೊಂಡು ಕೂತಿದ್ದೆ ನೋಡು. ಅದಕ್ಕೇ ಹಿಂಗಾತು.”

ಓದುವವರೇ, ಇನ್ನೊಮ್ಮೆ ಓದಿಕೊಳ್ಳಿ. ಚೊಗರು ಹಾಕಿದವನು ಅವನು, ತಣ್ಣೀರು ಬಗ್ಗಿಸಿದವನು ಅವನು, ತಪ್ಪು ನನ್ನ ಮೂತಿಯದು.

ಬೇರೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಕಾರನ್ನು ಚನ್ನಗಿರಿಗೆ ತಂದದ್ದಾಯಿತು. ಬುಡೇನ್ ಸಾಬರು ರೇಡಿಯೇಟರ್ ಬಿಚ್ಚಿ, ಕೊಯ್ದು ನೆಲದ ಮೇಲೆ ಹರವಿದರು. ಕೊಳವೆಗಳಲ್ಲೆಲ್ಲ ಚೊಗರು ಡಾಂಬರಿನಂತೆ ಗಟ್ಟಿಯಾಗಿ ಕೂತಿತ್ತು. ತೂತನ್ನೂ ಮುಚ್ಚಿತ್ತು, ದಾರಿಯನ್ನೂ ಮುಚ್ಚಿತ್ತು.

“ರುದ್ರಣ್ಣ, ಇದು ಕಾರಾ, ಅಡಿಕೆ ಹಂಡೆಯಾ?” ಸಾಬರಿಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೆ ನಗಲು ಮುಖವಿರಲಿಲ್ಲ. ಇಂಜಿನ್ನೂ ಬೇರೆ, ರೇಡಿಯೇಟರೂ ಬೇರೆ ಹಾಕಿಸಬೇಕಾಯಿತು. ವಾರ ನಿಲ್ಲಿಸಲು ಆಗದ ಕಾರು ಮಳೆ ಬೀಳುವವರೆಗೆ ಗ್ಯಾರೇಜಿನಲ್ಲಿ ನಿಂತಿತು. ಮದುವೆಗಳನ್ನೆಲ್ಲ ಕೆರೆಬಿಳಚಿಯವನೇ ಮುಗಿಸಿದ.

ಕೊನೆಗೂ ಬಂದದ್ದು ತಾಮ್ರದ್ದೇ. ಬಿಸಿಲಿಗೆ ಹಿಡಿದರೆ ಪೂಜೆಯ ತಂಬಿಗೆಯಂತೆ ಹೊಳೆಯುತ್ತಿತ್ತು. ಅದಾದ ಮೇಲೆ ಆ ಕಾರು ದಾರಿಯಲ್ಲಿ ನೀರು ಕೇಳಲೇ ಇಲ್ಲ. ನಾನು ಸ್ಲೇಟು ಹಿಡಿದು ಅಪ್ಪನ ಮುಂದೆ ನಿಂತೆ.

“ಈಗ ನಾನು ಇಸ್ಕೂಲಿಗೆ ಹೋಗ್ಲಾ?”

“ಚಿಕ್ಕ ಹುಡುಗರ ಜೊತೆ ಮತ್ತೆ ಮೂರನೇದ್ರಾಗೆ ಕೂರ್ತೀಯಾ? ಜನ ನಗ್ತಾರೆ. ನಿಮ್ಮವ್ವನ ಜೊತೆ ಅಡಿಕೆ ಸುಲಿಯಾಕೆ ಹೋಗು.”

ಅವ್ವ ಅವತ್ತು ಬಾಯಿ ತೆರೆಯಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ.

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಬರೆಯಲು ಕೂತೆ ಅಂದರೆ, ಮೊನ್ನೆ ನನ್ನ ಮಗನ ಕಾರು ಕುದಿಯಿತು. ಹೊನ್ನಾಳಿಯಲ್ಲಿ ಅವನೂ ಬಾಡಿಗೆ ಕಾರೇ ಓಡಿಸುತ್ತಾನೆ. ಗ್ಯಾರೇಜಿನವನು ಮನೆಗೇ ಬಂದು ನೋಡಿ, ರೇಡಿಯೇಟರ್ ಹೋಗಿದೆ, ಈ ಗಾಡಿಗೆಂದೇ ಮಾಡಿದ್ದನ್ನು ಹಾಕಿಸು, ಒಳಗೆ ನಲ್ಲಿ ನೀರು ಹುಯ್ಯಬೇಡ, ಕೂಲೆಂಟ್ ಹುಯ್ಯಿ ಎಂದು ಹೇಳಿದ.

“ಸೀಜನ್ ಮುಗೀಲಿ ಬಿಡಣ್ಣ” ಅಂದ ನನ್ನ ಮಗ. “ಅದೇನೋ ಪುಡಿ ಬರ್ತೈತಲ್ಲ, ತೂತು ಮುಚ್ಚೋದು, ಅದನ್ನ ಹಾಕು. ಜಾಸ್ತಿ ಕಾದ್ರೆ ಪಾಪು ಬಾಟ್ಲಿ ಹಿಡ್ಕೊಂಡು ಜೊತೆಗೆ ಕೂರಲಿ. ಎರಡು ದಿನ ಸ್ಕೂಲು ಬಿಟ್ರೆ ಏನ್ ಹೋಗ್ತೈತೆ?”

ಪಾಪು ಅಂದರೆ ಅವನ ಮಗಳು. ಅವನು ತಮಾಷೆಗೆ ಅಂದನಂತೆ. ನಮ್ಮಪ್ಪನೂ ಮೊದಲು ಹಾಗೇ ನಗುತ್ತಲೇ ಅಂದಿದ್ದ.

ಎದ್ದು ಹೋಗಿ ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು ಎಲೆಅಡಿಕೆ ಚೀಲಕ್ಕೆ ಹಾಕಿ, ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಅವ್ವಾ, ಬಾಡಿಗೆ ಐತೆ, ಕೀ ಕೊಡು.”

“ರೇಡಿಯೇಟರ್ ಹಾಕ್ಸು, ಕೊಡ್ತೀನಿ.”

“ನಿನಗೇನು ಗೊತ್ತಾಗ್ತೈತೆ ಇಂಜಿನ್ ವಿಷ್ಯ?”

ಬಳೆ ಸರಿಸಿ ಕೈ ಮುಂದೆ ಹಿಡಿದೆ. ಅವನು ಹುಟ್ಟಿದಾಗಿನಿಂದ ಆ ಕಲೆ ನೋಡಿದ್ದಾನೆ. ಒಲೆಯಲ್ಲಿ ಸುಟ್ಟುಕೊಂಡದ್ದು ಅಂದುಕೊಂಡಿದ್ದನಂತೆ. ಯಾರೂ ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಅವತ್ತು ಕೂರಿಸಿ ಹೇಳಿದೆ, ಕೂಗಿಯೇ ಹೇಳಿದೆ, ಪಕ್ಕದ ಮನೆಯವರು ಬಂದು ನಿಂತರು. ಗ್ಯಾರೇಜಿನವನು ತಲೆ ತಗ್ಗಿಸಿಕೊಂಡು ಬಾನೆಟ್ ಒಳಗೇ ನೋಡುತ್ತಿದ್ದ.

ಹಾಕಿಸಿದ. ಕೂಲೆಂಟ್ ಡಬ್ಬ ತೆರೆದಾಗ ಒಳಗೆ ಅದೂ ಕೆಂಪಗೇ ಇತ್ತು. ಮೂಸಿ ನೋಡಿದೆ. ಒಗರಿಲ್ಲ, ಏನೋ ಸಿಹಿ ವಾಸನೆ. ಆಮೇಲೆ ಕೀ ಕೊಟ್ಟೆ. ಪಾಪು ಸ್ಕೂಲಿಗೆ ಹೋಗಿದ್ದಳು.

ನನ್ನ ಅಕ್ಷರ ಮೂರನೇ ಕ್ಲಾಸಿನದೇ. ಇಲ್ಲಿ ಒತ್ತು, ದೀರ್ಘ ತಪ್ಪಿದ್ದನ್ನೆಲ್ಲ ಪಾಪುವೇ ತಿದ್ದಿದ್ದಾಳೆ. ಆ ಕಾಲ ಹೋಯಿತಲ್ಲ ಎಂದು ನಾನು ಅಳುವುದಿಲ್ಲ. ಕಾರು ಗುಜರಿಗೆ ಹೋಯಿತು, ಹೋಗಲಿ. ಬಾಯಾರಿದ ಕಾರುಗಳ ಕಾಲವೂ ಹೋಯಿತು, ಒಳ್ಳೆಯದಾಯಿತು. ಅಪ್ಪ ಸಾಯುವಾಗ ನಾನೇ ಅವನ ಬಾಯಿಗೆ ನೀರು ಬಿಟ್ಟೆ, ಅದೂ ನನ್ನ ಪಾಲಿಗೇ ಬಂತು. ಆದರೆ ನಾಲ್ಕನೇ ಕ್ಲಾಸಿನ ಪುಸ್ತಕದಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಬರೆಯುವಾಗ ಪಾಪು, “ಅಷ್ಟೇನಾ ಅಜ್ಜಿ, ತಡಿ” ಎಂದು ಓಡಿಹೋಗಿ ತನ್ನ ಹಳೇ ನಾಲ್ಕನೇ ಕ್ಲಾಸಿನ ಪುಸ್ತಕ ಹುಡುಕಿ ತಂದು ತೊಡೆಯ ಮೇಲಿಟ್ಟಳು. ತೆರೆದು ನೋಡಿದೆ. ಬಣ್ಣ ಬಣ್ಣದ ಚಿತ್ರ, ನುಣುಪು ಹಾಳೆ.

ಚೆನ್ನಾಗಿತ್ತು. ಆದರೆ ನಾನು ಕೇಳಿದ್ದು ಇದನ್ನಲ್ಲ.